ಪಟ್ಟಿ ಕೊಡದ ಊರು

ಆರೇಳು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಕಂಪನಿಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ನನ್ನ ಹೆಸರಿಗೆ ಒಂದು ಟಿಕೆಟ್ ಬಂತು. ಉದ್ಯೋಗಿಗಳ ಡೇಟಾಬೇಸಿನಿಂದ ಒಂದು ಲಿಸ್ಟ್ ತೆಗೆದುಕೊಡಬೇಕಿತ್ತು. ಇಂತಿಷ್ಟು ವಯಸ್ಸು ದಾಟಿದವರು, ಇಂತಿಷ್ಟಕ್ಕಿಂತ ಹೆಚ್ಚು ಸಂಬಳದವರು, ಕಳೆದ ವರ್ಷ ಒಂದು ತಿಂಗಳಿಗಿಂತ ಉದ್ದ ರಜೆ ಹಾಕಿದವರು. ಯಾಕೆ ಅಂತ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಕ್ವೆರಿ ನಿಧಾನ ಓಡ್ತಿತ್ತು, ಒಂದು ಇಂಡೆಕ್ಸ್ ಹಾಕಿದೆ, ಸೆಕೆಂಡುಗಳಲ್ಲಿ ಮುಗೀತು. ಮ್ಯಾನೇಜರ್ ಕಡೆಯಿಂದ ಒಂದು ಥಂಬ್ಸ್ ಅಪ್ ಬಂತು. ಎರಡು ವಾರ ಕಳೆದ ಮೇಲೆ ನಮ್ಮ ಫ್ಲೋರಿನಲ್ಲಿ ಕೆಲವು ಸೀಟುಗಳು ಖಾಲಿಯಾದವು. ಅದರಲ್ಲಿ ಒಬ್ಬರು ನನಗೆ ಕೆಲಸ ಕಲಿಸಿದ ಸೀನಿಯರ್. ಅವರು ಉದ್ದ ರಜೆ ಹಾಕಿದ್ದು ಅಪ್ಪನ ಆಪರೇಷನ್ನಿಗೆ.

ಈಗ ಹೇಳೋ ಕಥೆಗೂ ಇದಕ್ಕೂ ಹೋಲಿಕೆ ಮಾಡಿದರೆ ಅದು ಅತಿಯಾಗುತ್ತೆ, ಮಾಡ್ತಿಲ್ಲ. ಕೆಲಸ ಹೋಗೋದು ಬೇರೆ, ಜೀವ ಹೋಗೋದು ಬೇರೆ. ಆದರೆ ಅವತ್ತಿನಿಂದ ಇತಿಹಾಸದ ಪುಸ್ತಕದಲ್ಲಿ ‘ಪಟ್ಟಿ’ ಅನ್ನೋ ಪದ ಬಂದ ಕಡೆ ನಾನು ಸ್ವಲ್ಪ ನಿಂತು ಓದ್ತೀನಿ. ಹಾಗೆ ಓದುವಾಗ ಸಿಕ್ಕಿದ್ದು ಎರಡನೇ ಮಹಾಯುದ್ಧದ ಫ್ರಾನ್ಸಿನ ಎರಡು ಪಟ್ಟಿಗಳು. ಒಂದು ತಯಾರಾದದ್ದು, ಇನ್ನೊಂದು ತಯಾರಾಗದೇ ಉಳಿದದ್ದು.

ತಯಾರಾದದ್ದನ್ನು ಮೊದಲು ಹೇಳಿಬಿಡ್ತೀನಿ. 1940ರ ಜೂನಿನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಪ್ಯಾರಿಸ್ ಸೇರಿದಂತೆ ಉತ್ತರ ಭಾಗ ಜರ್ಮನ್ನರ ಕೈಗೆ ಹೋಯ್ತು. ದಕ್ಷಿಣದಲ್ಲಿ ಮಾರ್ಷಲ್ ಪೆತ್ಯಾಂ ಎಂಬ ಮುದಿ ಸೇನಾನಿಯ ಕೆಳಗೆ ವಿಶೀ ಎಂಬ ಊರಿನಿಂದ ನಡೆಯೋ ಒಂದು ಸರ್ಕಾರ ಬಂತು, ಜರ್ಮನ್ನರು ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೊಡುವಂಥ ಸರ್ಕಾರ. ಆ ಅಕ್ಟೋಬರಿನಲ್ಲಿ ಪ್ಯಾರಿಸ್ ಸುತ್ತಮುತ್ತಲಿನ ಯೆಹೂದ್ಯರೆಲ್ಲ ಪೊಲೀಸ್ ಠಾಣೆಗೆ ಬಂದು ಹೆಸರು ಬರೆಸಬೇಕು ಅಂತ ಆಜ್ಞೆಯಾಯ್ತು. ಸುಮಾರು 1.5 ಲಕ್ಷ ಜನ ಬಂದು ಬರೆಸಿದರು. ಕಾನೂನು ಪಾಲಿಸುವ ಜನ, ಸಾಲಲ್ಲಿ ನಿಂತು ಬರೆಸಿದರು. ಪೊಲೀಸ್ ಇಲಾಖೆಯ ಆಂದ್ರೆ ತ್ಯುಲಾರ್ ಎಂಬ ಅಧಿಕಾರಿ ಆ ಮಾಹಿತಿಯನ್ನೆಲ್ಲ ಕಾರ್ಡುಗಳಿಗೆ ಇಳಿಸಿದ. ಒಂದೇ ಮಾಹಿತಿ, ನಾಲ್ಕು ಥರದ ಜೋಡಣೆ. ಹೆಸರಿನ ಅಕಾರಾದಿ, ರಾಷ್ಟ್ರೀಯತೆ, ಬೀದಿ, ವೃತ್ತಿ. ಯಾವ ಬೀದಿಯ ಯಾವ ಮನೆಯಲ್ಲಿ ಎಷ್ಟು ಜನ ಅಂತ ಕ್ಷಣದಲ್ಲಿ ಎತ್ತಿಕೊಡಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲ್ಕು ಕಾಲಮ್ಮಿಗೂ ಇಂಡೆಕ್ಸ್ ಹಾಕಿದ ಟೇಬಲ್. ಡಿಸೈನ್ ಚೆನ್ನಾಗಿದೆ. ಅದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದೇ ಅದು, ಆಮೇಲೆ ಹೊಟ್ಟೆ ತೊಳಸಿತು.

1942ರ ಜುಲೈ 16 ಮತ್ತು 17ರಂದು ಆ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಫ್ರೆಂಚ್ ಪೊಲೀಸರೇ ಮನೆಮನೆ ಬಾಗಿಲು ತಟ್ಟಿದರು. 13,000ಕ್ಕೂ ಹೆಚ್ಚು ಜನರನ್ನು ಹಿಡಿದರು, ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಸಾವಿರಾರು ಜನರನ್ನು ವೆಲ್ ದಿವ್ ಎಂಬ ಸೈಕಲ್ ರೇಸಿನ ಸ್ಟೇಡಿಯಮ್ಮಿಗೆ ತುಂಬಿ, ಅಲ್ಲಿಂದ ಕ್ಯಾಂಪುಗಳಿಗೆ, ಕ್ಯಾಂಪುಗಳಿಂದ ಔಶ್‌ವಿಟ್ಸಿಗೆ. ಕೆಲವು ಪೊಲೀಸರೇ ಹಿಂದಿನ ದಿನ ಗುಟ್ಟಾಗಿ ಸುದ್ದಿ ಮುಟ್ಟಿಸಿದ್ದರಿಂದ ಎಷ್ಟೋ ಜನ ತಪ್ಪಿಸಿಕೊಂಡರು ಅನ್ನೋದನ್ನೂ ಹೇಳಬೇಕು. ಎಲ್ಲ ಕಡೆ ಅಂಥ ನಾಲ್ಕು ಜನ ಇರ್ತಾರೆ.

ಇನ್ನೊಂದು ಪಟ್ಟಿ ಒಂದು ಹಳ್ಳಿಯದು. ಮಧ್ಯ ಫ್ರಾನ್ಸಿನಿಂದ ಸ್ವಲ್ಪ ತೆಂಕಲಿಗೆ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಒಂದು ಪ್ರಸ್ಥಭೂಮಿ. ಊರಿನ ಹೆಸರು ಲ ಶಾಂಬೋ ಸ್ಯೂರ್ ಲಿನ್ಯೋ. ಲಿನ್ಯೋ ಅಂದರೆ ಅಲ್ಲಿ ಹರಿಯೋ ಹೊಳೆ. ನಾನು ಸುಮ್ಮನೆ ಶಾಂಬೋ ಅಂತೀನಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ. ಆಲೂಗಡ್ಡೆ, ರೈ, ದನ, ಪೈನ್ ಮರ. ಬೇಸಿಗೆಯಲ್ಲಿ ಪಟ್ಟಣದವರು ಗಾಳಿ ಬದಲಾವಣೆಗೆ ಬರ್ತಾರೆ, ಆ ನಾಲ್ಕು ಕಾಸಿನ ಮೇಲೆ ಊರು ವರ್ಷ ದೂಡುತ್ತೆ. ಕೈಗಾರಿಕಾ ಪಟ್ಟಣಗಳ ಬಡ ಮಕ್ಕಳನ್ನು ಬೇಸಿಗೆಗೆ ರೈತರ ಮನೆಯಲ್ಲಿಟ್ಟು ಹಾಲು ಕುಡಿಸಿ ಕಳಿಸುವ ಪದ್ಧತಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಅಲ್ಲಿ ಇತ್ತು. ಹಾಗಾಗಿ ಆ ಊರಿನಲ್ಲಿ ಖಾಲಿ ಕೋಣೆಗಳಿದ್ದವು, ಪರರ ಮಕ್ಕಳನ್ನು ಸಾಕಿದ ರೂಢಿ ಇತ್ತು, ಹೊಸ ಮುಖ ಕಂಡರೆ ಯಾರೂ ಹುಬ್ಬೇರಿಸ್ತಿರಲಿಲ್ಲ. ಮುಂದಿನ ಕಥೆಗೆ ದೇವರ ಮೇಲಿನ ಭಕ್ತಿಯಷ್ಟೇ ಈ ಖಾಲಿ ಕೋಣೆಗಳೂ ಮುಖ್ಯ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಫ್ರಾನ್ಸ್ ಕ್ಯಾಥೊಲಿಕ್ ದೇಶ, ಆದರೆ ಈ ಬೆಟ್ಟದ ಜನ ಹೆಚ್ಚಿನವರು ಪ್ರೊಟೆಸ್ಟೆಂಟರು. 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ. ಅಲ್ಲಿಂದ ನೂರು ವರ್ಷ ಅವರ ಪೂಜೆ ಅಪರಾಧ, ಅವರ ಪಾದ್ರಿಗೆ ಗಲ್ಲು. ಕಾಡಲ್ಲಿ, ಕಲ್ಲುಸಂದಿಗಳಲ್ಲಿ ರಾತ್ರಿ ಸೇರಿ ಬೈಬಲ್ ಓದ್ತಿದ್ರು. ಪಕ್ಕದ ವಿವಾರೆ ಸೀಮೆಯ ಮಾರಿ ದ್ಯುರಾಂ ಎಂಬ ಹುಡುಗಿಯನ್ನು 1730ರಲ್ಲಿ ಒಂದು ಕೋಟೆಯ ಗೋಪುರದಲ್ಲಿ ಕೂಡಿಹಾಕಿದರು. ಅವಳ ಅಣ್ಣ ಗುಟ್ಟಿನ ಪಾದ್ರಿಯಾಗಿದ್ದ, ಅವನನ್ನು ಗಲ್ಲಿಗೆ ಹಾಕಿದರು. ‘ನನ್ನ ನಂಬಿಕೆ ಬಿಟ್ಟೆ’ ಅಂತ ಒಂದು ಮಾತು ಹೇಳಿದ್ದರೆ ಮಾರಿಗೆ ಬಿಡುಗಡೆ. ಹೇಳಲಿಲ್ಲ. ಹೊರಗೆ ಬಂದದ್ದು 1768ರಲ್ಲಿ, 38 ವರ್ಷ ಕಳೆದ ಮೇಲೆ. ಈ ಕಥೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದ ಊರಿಗೆ ಪೊಲೀಸರಿಗೆ ಗೊತ್ತಾಗದಂತೆ ಬದುಕೋದು ಹೇಗೆ ಅಂತ ಯಾರೂ ಟ್ರೈನಿಂಗ್ ಕೊಡಬೇಕಾಗಿರಲಿಲ್ಲ.

1934ರಲ್ಲಿ ಆ ಊರಿಗೆ ಆಂದ್ರೆ ತ್ರೊಕ್ಮೆ ಎಂಬ ಪಾಸ್ಟರ್ ಬಂದ, ಹೆಂಡತಿ ಮಾಗ್ದಾ ಮತ್ತು ಮಕ್ಕಳ ಜೊತೆ. ತ್ರೊಕ್ಮೆ ಹುಟ್ಟಿದ್ದು 1901ರಲ್ಲಿ, ಉತ್ತರದ ಸೇಂ ಕಾಂತಾಂ ಪಟ್ಟಣದಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಆ ಪಟ್ಟಣ ಜರ್ಮನ್ನರ ವಶದಲ್ಲಿತ್ತು. ಆಗ ಹದಿಹರೆಯದ ಹುಡುಗನಿಗೆ ಕಿಂಡ್ಲರ್ ಎಂಬ ಒಬ್ಬ ಜರ್ಮನ್ ಸೈನಿಕ ಸಿಕ್ಕಿದ. ತಾನು ಕ್ರೈಸ್ತ, ಕೊಲ್ಲಲಾರೆ, ಅದಕ್ಕೇ ಆಯುಧ ಇಲ್ಲದೇ ಓಡಾಡ್ತೀನಿ, ನನ್ನ ಮೇಲಧಿಕಾರಿಗೆ ಹೇಳಿ ಒಪ್ಪಿಸಿದ್ದೀನಿ ಅಂದ. ಶತ್ರು ಸೈನ್ಯದ ಸಮವಸ್ತ್ರದಲ್ಲಿರೋ ಮನುಷ್ಯ ಇದನ್ನು ಹೇಳಿದ್ದು ಹುಡುಗನ ತಲೆಯಲ್ಲಿ ಕೂತುಬಿಡ್ತು. ಮುಂದೆ ಪಾಸ್ಟರ್ ಆದಾಗ ತ್ರೊಕ್ಮೆ ಯುದ್ಧವಿರೋಧಿ. ಅವನ ಚರ್ಚಿನ ದೊಡ್ಡವರಿಗೇ ಅದು ಇಷ್ಟವಿರಲಿಲ್ಲ. 1938ರಲ್ಲಿ ಅವನೂ ಎದುವಾರ್ ತೈಸ್ ಎಂಬ ಇನ್ನೊಬ್ಬ ಪಾಸ್ಟರೂ ಸೇರಿ ಊರಲ್ಲೊಂದು ಹೈಸ್ಕೂಲ್ ತೆರೆದರು.

ಫ್ರಾನ್ಸ್ ಸೋತು ಒಪ್ಪಂದಕ್ಕೆ ಸಹಿ ಹಾಕಿದ್ದು 1940ರ ಜೂನ್ 22. ಮಾರನೇ ದಿನ ಭಾನುವಾರ. ಇಡೀ ದೇಶ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಇವರಿಬ್ಬರೂ ಚರ್ಚಿನಲ್ಲಿ ಒಂದು ಪ್ರಸಂಗ ಮಾಡಿದರು. ನಮ್ಮ ಮನಸ್ಸಾಕ್ಷಿಯ ಮೇಲೆ ಬಲವಂತ ಬರುತ್ತೆ, ಬಂದಾಗ ಎದುರಿಸಬೇಕು, ಆದರೆ ಆತ್ಮದ ಆಯುಧಗಳಿಂದ ಎದುರಿಸಬೇಕು, ದ್ವೇಷ ಮಾತ್ರ ಬೇಡ ಅನ್ನೋದು ಅದರ ಸಾರ. ತಾರೀಖು ಗಮನಿಸಿ. ಇನ್ನೂ ಯಾವ ಕಾನೂನೂ ಬಂದಿಲ್ಲ, ಯಾರನ್ನೂ ಹಿಡಿದಿಲ್ಲ. ಬಾಗಿಲು ತಟ್ಟಿದಾಗ ಯೋಚಿಸೋಣ ಅಂತ ಇವರು ಕಾಯಲಿಲ್ಲ.

ಬಾಗಿಲು ತಟ್ಟಿದ್ದು ಆ ಚಳಿಗಾಲದಲ್ಲಿ. ಒಂದು ಸಂಜೆ ಪಾಸ್ಟರ್ ಮನೆಯ ಅಡುಗೆಮನೆಯಲ್ಲಿ ಮಾಗ್ದಾ ಕೆಲಸದಲ್ಲಿದ್ದಳು. ಬಾಗಿಲು ತೆರೆದರೆ ಹಿಮದಲ್ಲಿ ತೊಯ್ದ ಒಬ್ಬ ಹೆಂಗಸು. ಜರ್ಮನಿಯಿಂದ ಓಡಿಬಂದ ಯೆಹೂದ್ಯಳು. ಒಳಗೆ ಬರಬಹುದಾ ಅಂತ ಕೇಳಿದಳು. ಬನ್ನಿ ಒಳಗೆ, ಅಂದಳು ಮಾಗ್ದಾ.

ಅಷ್ಟೇ. ಈ ಇಡೀ ಇತಿಹಾಸದ ಮೂಲ ಘಟನೆ ಇಷ್ಟೇ ಇದೆ. ಮಾರನೇ ದಿನ ಮಾಗ್ದಾ ಆ ಹೆಂಗಸಿಗೆ ಕಾಗದಪತ್ರ ಮಾಡಿಸಿಕೊಡಲು ಊರಿನ ಮೇಯರ್ ಹತ್ತಿರ ಹೋದರೆ, ಒಬ್ಬ ಪರದೇಶಿಗೋಸ್ಕರ ಊರನ್ನೇ ಅಪಾಯಕ್ಕೆ ತಳ್ತೀರಾ ಅಂತ ಅವನು ಸಿಟ್ಟಾದ. ಮೇಯರ್ ಕೆಟ್ಟವನಲ್ಲ. ಊರಿನ ಜವಾಬ್ದಾರಿ ಹೊತ್ತವನು ಹಾಗೆ ಯೋಚಿಸ್ತಾನೆ. ಮಾಗ್ದಾಗೆ ಅರ್ಥವಾದದ್ದು ಒಂದೇ, ಇನ್ನು ಮುಂದೆ ಯಾರ ಅನುಮತಿಯನ್ನೂ ಕೇಳಬಾರದು.

ಇಲ್ಲಿ ನಾನು ನಮ್ಮೂರಿನ ಮಾತು ಹೇಳಲೇಬೇಕು, ಇಲ್ಲದಿದ್ದರೆ ಈ ಲೇಖನ ಬರೆದದ್ದಕ್ಕೆ ಅರ್ಥ ಇಲ್ಲ. ನಾನು ಬೆಳೆದದ್ದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ನಮ್ಮಜ್ಜಿ ಧಾರಾಳಿ. ಹಸಿದು ಬಂದವರನ್ನು ಬರಿಗೈಲಿ ಕಳಿಸಿದ್ದು ನಾನು ನೋಡಿಲ್ಲ. ಆದರೆ ಹೊಸಬರು ಬಂದರೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೇದು ‘ಯಾರ ಪೈಕಿ?’. ಎರಡನೇ ಉತ್ತರದ ಮೇಲೆ ಅವರು ನಡುಮನೆಗೋ, ಜಗಲಿಗೋ, ಅಂಗಳಕ್ಕೋ ಅಂತ ತೀರ್ಮಾನ. ಸುಗ್ಗಿಯಲ್ಲಿ ನಮ್ಮ ಕಣದ ಕೆಲಸಕ್ಕೆ ಒಬ್ಬ ತಾತ ಬರ್ತಿದ್ರು. ದಿನವೆಲ್ಲ ರಾಗಿ ಬಡಿದು ಸುಸ್ತಾಗಿರೋರು. ಅವರು ಕೊಟ್ಟಿಗೆ ಪಕ್ಕ ಕೂತು ಬೊಗಸೆ ಹಿಡೀತಿದ್ರು, ಅಜ್ಜಿ ಮೇಲಿಂದ ಚೊಂಬಿನಲ್ಲಿ ನೀರು ಸುರೀತಿದ್ಲು. ಊಟ ಎಲೆಯಲ್ಲಿ, ಹೊಟ್ಟೆ ತುಂಬ. ಅಜ್ಜಿ ಅವರ ಮೊಮ್ಮಗಳ ಮದುವೆಗೆ ಅಕ್ಕಿ ಮೂಟೆ ಕೊಟ್ಟವಳು. ಬನ್ನಿ ಒಳಗೆ ಅಂತ ಮಾತ್ರ ಒಂದು ದಿನವೂ ಅಂದಿಲ್ಲ. ನನಗೆ ಅದು ವಿಚಿತ್ರ ಅನ್ನಿಸಿದ್ದು ಬೆಂಗಳೂರಿಗೆ ಬಂದು ಇಂಜಿನಿಯರಿಂಗ್ ಸೇರಿದ ಮೇಲೆ. ಅಲ್ಲಿವರೆಗೆ ನೀರು ಹಾಗೇ ಕುಡಿಯೋದು ಅಂದ್ಕೊಂಡಿದ್ದೆ.

ಶಾಂಬೋದಲ್ಲಿ ಕೇಳದೇ ಉಳಿದ ಪ್ರಶ್ನೆ ಅದೇ. ಯಾರ ಪೈಕಿ ಅಂತ ಕೇಳ್ತಿರಲಿಲ್ಲ. ಮೊದಲು ಸೌಜನ್ಯಕ್ಕೆ, ಆಮೇಲೆ ಉದ್ದೇಶಪೂರ್ವಕವಾಗಿ. ಗೊತ್ತಿಲ್ಲದ್ದನ್ನು ಪೊಲೀಸರು ಎಷ್ಟು ಬಡಿದರೂ ಹೇಳಲಾಗದು. ಬಂದವರು ಹೇಳಿದ ಹೆಸರೇ ಹೆಸರು. ರೈತರ ಮನೆಗಳಿಗೆ ‘ನಾಳೆ ಹಳೆ ಒಡಂಬಡಿಕೆಯ ಪುಸ್ತಕಗಳನ್ನು ಕಳಿಸ್ತೀನಿ’ ಅಂತ ಚೀಟಿ ಹೋದರೆ ಜನ ಬರ್ತಾರೆ ಅಂತ ಅರ್ಥ. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಪಕ್ಕದ ಮನೆಯವರಿಗೆ ಗೊತ್ತಿದ್ದೂ ಗೊತ್ತಿಲ್ಲ. ಕಮಿಟಿ ಇರಲಿಲ್ಲ, ಮೀಟಿಂಗ್ ಇರಲಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಇದೆಷ್ಟು ಕಷ್ಟ ಅಂತ ಗೊತ್ತಿರುತ್ತೆ. ನಮ್ಮೂರಲ್ಲಿ ಯಾರ ಮನೆ ಹಸು ಕರು ಹಾಕಿದರೂ ಸಂಜೆಯೊಳಗೆ ಇಡೀ ಊರಿಗೆ ಸುದ್ದಿ.

ಕೆಲವರು ಈ ಕೆಲಸ ಮಾಡಿದ್ದಕ್ಕೆ ಬೈಬಲ್ಲೇ ಕಾರಣ. ಆ ಬೆಟ್ಟದಲ್ಲಿ ದಾರ್ಬಿಪಂಥದವರು ಅಂತ ಬಹಳ ಕಟ್ಟುನಿಟ್ಟಿನ ಒಂದು ಗುಂಪಿತ್ತು, ಅವರಿಗೆ ಯೆಹೂದ್ಯರು ದೇವರು ಆರಿಸಿಕೊಂಡ ಜನ. ಬಾಗಿಲಿಗೆ ಬಂದದ್ದೇ ಪುಣ್ಯ ಅನ್ನೋ ಥರ ಬರಮಾಡಿಕೊಂಡರು. ತ್ರೊಕ್ಮೆಗೆ ಧರ್ಮೋಪದೇಶಕಾಂಡದ ಆಶ್ರಯನಗರಗಳ ಮಾತು ಮುಖ್ಯವಾಗಿತ್ತು, ನಿರಪರಾಧಿಯ ರಕ್ತ ನಿಮ್ಮ ನೆಲದಲ್ಲಿ ಬೀಳಬಾರದು ಅನ್ನೋ ಭಾಗ. ಮಾಗ್ದಾ ಅಷ್ಟೆಲ್ಲ ಶಾಸ್ತ್ರಕ್ಕೆ ಹೋಗೋಳಲ್ಲ. ಚಳಿಯಲ್ಲಿರೋರಿಗೆ ಹೊದಿಕೆ, ಹಸಿದವರಿಗೆ ಸೂಪು. ಇವರಿಬ್ಬರಲ್ಲಿ ಯಾರು ಹೆಚ್ಚು ಕ್ರೈಸ್ತರು ಅನ್ನೋ ಪ್ರಶ್ನೆ ನನಗೆ ಈಗಲೂ ಬಗೆಹರಿದಿಲ್ಲ, ಅದು ನನ್ನ ಕೆಲಸವೂ ಅಲ್ಲ ಬಿಡಿ.

1941ರ ಬೇಸಿಗೆಯಲ್ಲಿ ಮಾರ್ಷಲ್ಲನ ಗೌರವಕ್ಕೆ ದೇಶದ ಎಲ್ಲ ಚರ್ಚುಗಳೂ ಗಂಟೆ ಬಾರಿಸಬೇಕು ಅಂತ ಆಜ್ಞೆ ಬಂತು. ತ್ರೊಕ್ಮೆ ಬೇಡ ಅಂದಿದ್ದ. ರಜೆಗೆ ಬಂದಿದ್ದ ಇಬ್ಬರು ಪಟ್ಟಣದ ಹೆಂಗಸರು ಬಂದು ಗಂಟೆ ಯಾಕೆ ಬಾರಿಸಿಲ್ಲ ಅಂತ ಜೋರು ಮಾಡಿದರು. ಗಂಟೆ ನೋಡಿಕೊಳ್ತಿದ್ದವಳು ಅಮೇಲಿ ಎಂಬ ಬಡ ಹೆಂಗಸು. ಗಂಟೆ ದೇವರದು, ಮಾರ್ಷಲ್ಲನದಲ್ಲ ಅಂತ ಬಾಗಿಲಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಮಳೆ ಬಂತು, ಅವರಿಬ್ಬರೂ ನೆನೆಯಲಾರದೆ ಹೊರಟುಹೋದರು. ನನಗೆ ಈ ಅಮೇಲಿ ಬಹಳ ಇಷ್ಟ.

1942ರ ಆಗಸ್ಟ್ 10ರಂದು ವಿಶೀ ಸರ್ಕಾರದ ಯುವಜನ ಮಂತ್ರಿ ಜಾರ್ಜ್ ಲಾಮಿರಾಂ ಊರಿಗೆ ಬಂದ. ಪ್ಯಾರಿಸಿನ ಆ ಜುಲೈ ದಾಳಿಯ ಸುದ್ದಿ ಅಷ್ಟರಲ್ಲಿ ಬೆಟ್ಟಕ್ಕೂ ತಲುಪಿತ್ತು. ಹೈಸ್ಕೂಲಿನ ಹಿರಿಯ ವಿದ್ಯಾರ್ಥಿಗಳು ಮಂತ್ರಿಯ ಕೈಗೆ ಒಂದು ಪತ್ರ ಕೊಟ್ಟರು. ಪ್ಯಾರಿಸಿನಲ್ಲಿ ನಡೆದದ್ದು ನಮಗೆ ಗೊತ್ತು, ನಮ್ಮ ನಡುವೆ ಯೆಹೂದ್ಯರಿದ್ದಾರೆ, ನಾವು ಭೇದ ಮಾಡೋದಿಲ್ಲ, ಒಪ್ಪಿಸಿ ಅಂತ ಆಜ್ಞೆ ಬಂದರೆ ಮೀರ್ತೀವಿ, ಬಚ್ಚಿಡ್ತೀವಿ ಅನ್ನೋ ಅರ್ಥದ ಪತ್ರ. ಹುಡುಗರ ಧೈರ್ಯ ಮೆಚ್ಚಬೇಕಾ, ಬುದ್ಧಿ ಇಲ್ಲ ಅನ್ನಬೇಕಾ? ಗುಟ್ಟು ಕಾಯುವ ಊರು ಮಂತ್ರಿಯ ಕೈಗೇ ಬರೆದು ಕೊಡೋದಾ? ನಾನಾಗಿದ್ದರೆ ಆ ಪತ್ರ ಹರಿದುಹಾಕಿಸ್ತಿದ್ದೆ. ಆದರೆ ನಾನಾಗಿದ್ದರೆ ಆ ಊರು ಆ ಊರೂ ಆಗ್ತಿರಲಿಲ್ಲ, ಅದೂ ಗೊತ್ತು.

ಎರಡು ವಾರಕ್ಕೆ ಪೊಲೀಸರು ಖಾಲಿ ಬಸ್ಸುಗಳ ಜೊತೆ ಬಂದರು. ಊರಲ್ಲಿರೋ ಯೆಹೂದ್ಯರ ಪಟ್ಟಿ ಕೊಡಿ ಅಂತ ತ್ರೊಕ್ಮೆಯನ್ನು ಕೇಳಿದರು. ಅವರ ಹೆಸರು ನನಗೆ ಗೊತ್ತಿಲ್ಲ ಅಂದ. ಅದು ನಿಜವೇ, ಎಲ್ಲರೂ ಸುಳ್ಳು ಹೆಸರಲ್ಲಿದ್ದರು. ಗೊತ್ತಿದ್ದರೂ ಕೊಡ್ತಿರಲಿಲ್ಲ, ಅವರು ನಮ್ಮ ರಕ್ಷಣೆ ಬಯಸಿ ಬಂದವರು, ನಾನು ಅವರ ಪಾಸ್ಟರ್ ಅಂದರೆ ಕುರುಬ, ಅಂತಲೂ ಅಂದ. ಆ ರಾತ್ರಿಯೇ ಸ್ಕೌಟ್ ಹುಡುಗರು, ಬೈಬಲ್ ಓದುವ ಗುಂಪಿನ ಹುಡುಗರು ಸೈಕಲ್ಲಲ್ಲಿ, ನಡಕೊಂಡು ತೋಟದ ಮನೆಗಳಿಗೆ ಸುದ್ದಿ ಮುಟ್ಟಿಸಿದರು. ಅಡಗಿದ್ದವರೆಲ್ಲ ಕಾಡು ಸೇರಿದರು. ಪೊಲೀಸರು ಸುಮಾರು ಮೂರು ವಾರ ಊರಲ್ಲಿ ಬಿಡಾರ ಹೂಡಿ ಅಟ್ಟ, ಹುಲ್ಲಿನ ಮೆದೆ, ನೆಲಮಾಳಿಗೆ ಎಲ್ಲ ಜಾಲಾಡಿದರು. ಕೈಗೆ ಸಿಕ್ಕಿದ್ದು ಒಬ್ಬಿಬ್ಬರು. ಹಿಡಿದು ಬಸ್ಸಲ್ಲಿ ಕೂರಿಸಿದ್ದ ಒಬ್ಬನಿಗೆ ಊರವರು ಪೊಲೀಸರ ಕಣ್ಣೆದುರೇ ತಿನ್ನಲು ತಂದು ಕೊಟ್ಟರು.

ಮುಂದಿನ ಫೆಬ್ರವರಿಯಲ್ಲಿ ತ್ರೊಕ್ಮೆ, ತೈಸ್, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕ್ ಮೂವರನ್ನೂ ಬಂಧಿಸಿದರು. ಹಿಡಿಯಲು ಬಂದ ಪೊಲೀಸರನ್ನೇ ಮಾಗ್ದಾ ಊಟಕ್ಕೆ ಕೂರಿಸಿದಳು. ಊಟದ ಹೊತ್ತು, ಮನೆಗೆ ಬಂದವರು, ಇನ್ನೇನು ಮಾಡೋದು ಅನ್ನೋ ಥರ. ಕ್ಯಾಂಪಿನಲ್ಲಿ ಒಂದು ತಿಂಗಳಾದ ಮೇಲೆ ಬಿಡುಗಡೆಗೆ ಷರತ್ತು ಹಾಕಿದರು, ಮಾರ್ಷಲ್ಲನ ಆಜ್ಞೆ ಪಾಲಿಸ್ತೀನಿ ಅಂತ ಕಾಗದಕ್ಕೆ ಸಹಿ ಮಾಡಬೇಕು. ಸರ್ಕಾರಿ ನೌಕರನಾದ ದಾರ್ಸಿಸಾಕ್ ಸಹಿ ಹಾಕಿದ. ಪಾಸ್ಟರುಗಳಿಬ್ಬರೂ ಹಾಕಲಿಲ್ಲ. ಒಂದು ಸಹಿ, ಹಾಕಿ ಬಂದು ಕೆಲಸ ಮುಂದುವರಿಸಬಹುದಿತ್ತಲ್ಲ ಅಂತ ನನಗನ್ನಿಸುತ್ತೆ. ಕ್ಯಾಂಪಿನ ಅಧಿಕಾರಿಗೂ ಹಾಗೇ ಅನ್ನಿಸಿತು. ಆದರೂ ಹಾಕಲಿಲ್ಲ, ಯಾಕೋ ಮಾರನೇ ದಿನ ಮೇಲಿನಿಂದ ಆದೇಶ ಬಂದು ಅವರನ್ನೂ ಬಿಟ್ಟರು.

ಸಹಿಯ ವಿಷಯದಲ್ಲಿ ಇಷ್ಟು ಗಟ್ಟಿ ಇದ್ದ ಮನುಷ್ಯನ ಊರಲ್ಲೇ ದಿನವೂ ನಡೀತಿದ್ದದ್ದು ಸುಳ್ಳು ಕಾಗದಗಳ ಕಾರ್ಖಾನೆ. ಆಸ್ಕರ್ ರೊಸೊವ್‌ಸ್ಕಿ ಎಂಬ ಯೆಹೂದ್ಯ ಹುಡುಗ, ಹದಿನೆಂಟರ ಆಸುಪಾಸು. ಡಾಕ್ಟರಾಗಬೇಕೆಂದಿದ್ದವನಿಗೆ ಕಾನೂನು ಅಡ್ಡ ಬಂದು, ನೀಸ್ ಪಟ್ಟಣದಲ್ಲಿ ಟೈಪ್‌ರೈಟರ್ ರಿಪೇರಿ ಮಾಡ್ತಿದ್ದ. ಸರ್ಕಾರಿ ಕಚೇರಿಗಳ ಟೈಪ್‌ರೈಟರ್ ಬಿಚ್ಚಿ ಕೂಡಿಸುವ ಕೈಗೆ ಸರ್ಕಾರಿ ಕಾಗದ ಹೇಗಿರುತ್ತೆ ಅಂತ ಗೊತ್ತಾಗದೇ ಇರುತ್ತಾ? ಬೆಟ್ಟಕ್ಕೆ ಬಂದು ಗುರುತಿನ ಚೀಟಿ, ರೇಷನ್ ಕಾರ್ಡುಗಳನ್ನು ಸಾವಿರಗಟ್ಟಲೆ ಮಾಡಿದ. ಸಾಮಾನುಗಳನ್ನು ಒಬ್ಬ ರೈತನ ಜೇನುಪೆಟ್ಟಿಗೆಗಳಲ್ಲಿ ಬಚ್ಚಿಡ್ತಿದ್ರು, ಜೇನಿಗೆ ಕೈ ಹಾಕುವ ಪೊಲೀಸ್ ಯಾರಿದ್ದಾರೆ? ಯುದ್ಧ ಮುಗಿದ ಮೇಲೆ ಅವನು ಡಾಕ್ಟರಾದ.

ತ್ರೊಕ್ಮೆಗೆ ಈ ಸುಳ್ಳು ಕಾಗದಗಳು ಗಂಟಲಲ್ಲಿ ಸಿಕ್ಕ ಮುಳ್ಳು. ಸುಳ್ಳು ಹೇಳಬಾರದು ಅನ್ನೋದು ಅವನಿಗೆ ಬರೀ ನೀತಿಪಾಠ ಅಲ್ಲ. ಆದರೆ ಕಾಗದ ಇಲ್ಲದಿದ್ದರೆ ಮಕ್ಕಳು ಸಾಯ್ತಾರೆ. 1943ರಲ್ಲಿ ಗೆಸ್ಟಾಪೊ ಕೊಲ್ಲಲಿದೆ ಅಂತ ಸುದ್ದಿ ಬಂದಾಗ ಅವನೇ ತಲೆಮರೆಸಿಕೊಳ್ಳಬೇಕಾಯ್ತು, ಬೆಗೆ ಎಂಬ ಹೆಸರಿನ ಸುಳ್ಳು ಚೀಟಿ ಜೇಬಲ್ಲಿಟ್ಟುಕೊಂಡು. ಲಿಯೋಂ ಪಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ ಒಮ್ಮೆ ಜರ್ಮನ್ನರ ಕೈಗೆ ಸಿಕ್ಕಿಬಿದ್ದ, ಚಿಕ್ಕ ಮಗ ಜೊತೆಗಿದ್ದ. ಹೆಸರೇನು ಅಂತ ಕೇಳಿದರೆ ಬೆಗೆ ಅನ್ನಲ್ಲ, ನಿಜ ಹೇಳಿಬಿಡ್ತೀನಿ ಅಂತ ತೀರ್ಮಾನಿಸಿದನಂತೆ. ಪರರಿಗೆ ಸುಳ್ಳು ಚೀಟಿ ಕೊಟ್ಟವನು, ತನ್ನ ಸರದಿಗೆ ಬಂದಾಗ ಅದನ್ನು ಬಾಯಲ್ಲಿ ಹೇಳಲಾರ. ಅದೃಷ್ಟಕ್ಕೆ ಹೆಸರು ಕೇಳುವ ಮುಂಚೆಯೇ, ಮಗ ಒಬ್ಬನೇ ಇದ್ದಾನೆ ಕರೆತರ್ತೀನಿ ಅಂತ ಜರ್ಮನಿನಲ್ಲೇ ಕಾವಲಿನವನಿಗೆ ಹೇಳಿ, ಗಲಾಟೆಯಲ್ಲಿ ಕಂಬದ ಮರೆಗೆ ಸರಿದು, ಅಪ್ಪ ಮಗ ಇಬ್ಬರೂ ತಪ್ಪಿಸಿಕೊಂಡರು. ಆ ತೀರ್ಮಾನ ಸರಿಯಾ? ಮಗನ ಗತಿ ಏನು? ಹೆಂಡತಿಯ ಗತಿ? ನನಗೆ ಸಿಟ್ಟು ಬರುತ್ತೆ ಅವನ ಮೇಲೆ. ಆದರೆ ಮನಸ್ಸಾಕ್ಷಿ ಅನ್ನೋದು ಎಲ್ಲಿ ಬೇಕೋ ಅಲ್ಲಿ ಬಗ್ಗುವ ವಸ್ತುವಾಗಿದ್ದರೆ ಅವನು ಪಟ್ಟಿಯನ್ನೂ ಕೊಟ್ಟುಬಿಡ್ತಿದ್ದನೇನೋ.

ಎಲ್ಲರಿಗೂ ಅದೃಷ್ಟ ಇರಲಿಲ್ಲ. ಅವನ ಸಂಬಂಧಿ ದಾನಿಯೆಲ್ ತ್ರೊಕ್ಮೆ, ಮೇಷ್ಟ್ರು, ಊರಿನ ಒಂದು ವಿದ್ಯಾರ್ಥಿನಿಲಯ ನೋಡಿಕೊಳ್ತಿದ್ದ. 1943ರ ಜೂನ್ 29ರ ಬೆಳಿಗ್ಗೆ ಗೆಸ್ಟಾಪೊ ಅಲ್ಲಿಗೆ ನುಗ್ಗಿತು. ಅವನು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ, ಓಡಿಹೋಗಬಹುದಿತ್ತು. ಹುಡುಗರು ನನ್ನವರು ಅಂತ ಬಂದ. 18 ವಿದ್ಯಾರ್ಥಿಗಳ ಜೊತೆ ಅವನನ್ನೂ ಒಯ್ದರು. 1944ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಕ್ಯಾಂಪಿನಲ್ಲಿ ತೀರಿಕೊಂಡ. ಊರಿನ ಡಾಕ್ಟರ್ ರೋಜೆ ಲ ಫೊರೆಸ್ತಿಯೆಯನ್ನು ಅದೇ ವರ್ಷದ ಆಗಸ್ಟಿನಲ್ಲಿ ಲಿಯೋಂ ಹತ್ತಿರ ಗುಂಡಿಟ್ಟು ಕೊಂದರು.

ಆ ಬೆಟ್ಟದ ಹಳ್ಳಿಗಳು ಎಷ್ಟು ಜನರನ್ನು ಉಳಿಸಿದವು ಅಂತ ಈಗಲೂ ಜಗಳ. ಒಟ್ಟು 5,000, ಅದರಲ್ಲಿ 3,000ದಿಂದ 3,500 ಯೆಹೂದ್ಯರು ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಕೆಲವು ಇತಿಹಾಸಕಾರರು ಅಷ್ಟಿಲ್ಲ ಅಂತಾರೆ. ಸರಿಯಾದ ಲೆಕ್ಕ ಹೇಗೆ ಸಿಗಬೇಕು, ಪಟ್ಟಿಯನ್ನೇ ಮಾಡಲಿಲ್ಲವಲ್ಲ! ತ್ರೊಕ್ಮೆಯೊಬ್ಬನನ್ನೇ ನಾಯಕ ಮಾಡಿ ಅಕ್ಕಪಕ್ಕದ ಊರುಗಳನ್ನು, ಕ್ಯಾಥೊಲಿಕರನ್ನು, ದೇವರನ್ನೇ ನಂಬದವರನ್ನು ಮರೆತಿದ್ದಾರೆ ಅನ್ನೋ ದೂರೂ ಇದೆ, ಅದು ನ್ಯಾಯವಾದ ದೂರು. 1990ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ವ್ಯಕ್ತಿಗಳನ್ನಷ್ಟೇ ಅಲ್ಲದೆ ಇಡೀ ಊರನ್ನು, ಸುತ್ತಲ ಹಳ್ಳಿಗಳನ್ನೂ ಸೇರಿಸಿ ಗೌರವಿಸಿತು. 1944ರಲ್ಲಿ ಅಲ್ಲೇ ಹುಟ್ಟಿದ ಯೆಹೂದ್ಯ ಮಗು ಪಿಯೆರ್ ಸೊವಾಜ್ ದೊಡ್ಡವನಾಗಿ ಕ್ಯಾಮೆರಾ ಹಿಡಿದು ಆ ಊರಿಗೆ ಹೋಗಿ ಮುದುಕ ಮುದುಕಿಯರನ್ನು ಮಾತಾಡಿಸಿದ. ಅದರಲ್ಲೇನಿದೆ ಹೇಳೋಕೆ, ಬಂದವರನ್ನು ಇಟ್ಟುಕೊಂಡ್ವಿ ಅನ್ನೋ ಧಾಟಿಯಲ್ಲೇ ಅವರ ಉತ್ತರ. ಕ್ಯಾಮೆರಾ ಮುಂದೆ ಮುಜುಗರ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಜ್ಜಿಗೆ ಈಗ ಕಣ್ಣು ಮಂಜು, ನೆನಪು ಚುರುಕು. ಆ ಕಣದ ತಾತನ ವಿಷಯ ಎತ್ತಿದೆ. ಅವರ ಹೆಸರು, ಮಕ್ಕಳ ಹೆಸರು, ಯಾವ ಮಗ ಯಾವ ಊರು ಸೇರಿದ, ಎಲ್ಲ ಹೇಳಿದಳು. ಅಷ್ಟು ಬೇಕಾದವರನ್ನು ಒಂದು ದಿನವಾದರೂ ಒಳಗೆ ಯಾಕೆ ಕರೀಲಿಲ್ಲ ಅಜ್ಜಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತಿದ್ದಳು.

“ಯಾರೂ ಕರೀತಿರ್ಲಿಲ್ಲ ಕಣಪ್ಪ” ಅಂದಳು.